ಸಿಲಿಂಡರಿಗಿಲ್ಲದ ಮೈಲಿಗೆ ಕಂಪ್ರೆಸರಿಗೇಕೆ?

ಕಂಪ್ರೆಸರ್ ಎಂದರೆ ನಮ್ಮ ಹೆಂಗಸರಿಗೆ ಫ್ರಿಜ್ಜಿನ ಬೆನ್ನಿಗೆ, ಪೊರಕೆಯ ತುದಿ ಕೂಡ ಹೋಗದ ಮೂಲೆಯಲ್ಲಿ ಕೂತ ಒಂದು ಕಪ್ಪು ಡಬ್ಬಿ. ಅದು ಗುಂಯ್ ಎನ್ನುತ್ತಿರುವಷ್ಟು ದಿನ ಯಾರಿಗೂ ಅದರ ನೆನಪಿಲ್ಲ. ಗುಂಯ್ ನಿಂತ ದಿನ ಮೆಕ್ಯಾನಿಕ್ ಬರುತ್ತಾನೆ, ಬೆರಳಲ್ಲಿ ತಟ್ಟಿ ನೋಡುತ್ತಾನೆ, ‘ಕಂಪ್ರೆಸರ್ ಹೋಗಿದೆ ಅಕ್ಕ’ ಎನ್ನುತ್ತಾನೆ. ಯಜಮಾನರು ‘ಹಾಗಾದರೆ ಹೊಸತೇ ತರುವ’ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಹೋದದ್ದು ಏಕೆ ಹೋಯಿತು, ತಿರುಗಿ ಬರುವ ದಾರಿ ಇತ್ತೇ ಎಂದು ಕೇಳುವವರಿಲ್ಲ.

ನಾನು ಈಗ ಜಗಳಕ್ಕೆ ನಿಂತಿರುವುದು ಆ ‘ಅಲ್ಲಿಗೆ ಮುಗಿಯಿತು’ ಎಂಬ ಮಾತಿನ ಮೇಲೆ. ಆದರೆ ಮನೆಯ ಕಪ್ಪು ಡಬ್ಬಿಯ ಪರವಾಗಿ ಅಲ್ಲ, ಅದರ ದೊಡ್ಡಣ್ಣನ ಪರವಾಗಿ. ಐಸ್ ಪ್ಲಾಂಟಿನಲ್ಲಿ, ಹಾಲಿನ ಡೇರಿಯಲ್ಲಿ, ಶೈತ್ಯಾಗಾರದಲ್ಲಿ ಹಗಲುರಾತ್ರಿ ದುಡಿಯುವ, ಒಂದು ಆಳಿನಿಂದ ಎತ್ತಲಾಗದ, ಬೀಡು ಕಬ್ಬಿಣದ ಆ ದೊಡ್ಡ ಕಂಪ್ರೆಸರಿನ ಪರವಾಗಿ. ನೀವು ಬೆಳಿಗ್ಗೆ ಕತ್ತರಿಸುವ ಪ್ಯಾಕೆಟ್ಟಿನ ಹಾಲು ಆಕಳ ಮೈಯ ಬಿಸಿಯಿಂದ 4 ಡಿಗ್ರಿಗೆ ಇಳಿದದ್ದು ಅದರ ದುಡಿಮೆಯಿಂದ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಶೈತ್ಯಾಗಾರಗಳಲ್ಲಿ ಮೆಣಸಿನಕಾಯಿ ಕೆಂಪು ಕಳೆದುಕೊಳ್ಳದೆ ಒಳ್ಳೆಯ ಬೆಲೆಗೆ ಕಾಯುವುದು ಅದರ ದುಡಿಮೆಯಿಂದ. ನಮ್ಮ ಕರಾವಳಿಯ ಬಂಗುಡೆ ಘಟ್ಟ ಹತ್ತಿ ಬಯಲುಸೀಮೆಯ ಸಂತೆ ಮುಟ್ಟುವುದೂ ಹಾಗೆಯೇ. ನಮ್ಮ ಅಡಿಗೆಮನೆಯ ಅರ್ಧ ಸಾಮಾನು ಅದರ ಋಣದಲ್ಲಿದೆ ಎಂದ ಮೇಲೆ, ‘ಇದು ಗಂಡಸರ ವಿಷಯ’ ಎಂದು ಪುಟ ಮಗುಚಬೇಡಿ.

ನಾನು ಮೇಷ್ಟ್ರಮ್ಮ; ಮೊದಲು ಪಾಠ, ಆಮೇಲೆ ಜಗಳ. ಇಂಜೆಕ್ಷನ್ ಕೊಡುವ ಮೊದಲು ನರ್ಸಮ್ಮ ತೋಳಿಗೆ ಸ್ಪಿರಿಟ್ ಒರೆಸುತ್ತಾರಲ್ಲ, ಆಗ ಆ ಜಾಗ ತಣ್ಣಗಾಗುತ್ತದೆ. ಸ್ಪಿರಿಟ್ ಆವಿಯಾಗುವಾಗ ನಮ್ಮ ಚರ್ಮದ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಶೈತ್ಯಾಗಾರದ ಗುಟ್ಟೂ ಇಷ್ಟೇ. ಅಲ್ಲಿ ಸ್ಪಿರಿಟ್ಟಿನ ಬದಲು ಅಮೋನಿಯಾ. ಸೊನ್ನೆಗಿಂತ 33 ಡಿಗ್ರಿ ಕೆಳಗೇ ಕುದಿಯುವ ವಸ್ತು ಅದು. ಕೊಳವೆಗಳಲ್ಲಿ ಆವಿಯಾಗುತ್ತ ಸುತ್ತಲಿನ ಬಿಸಿಯನ್ನು ಹೀರುತ್ತದೆ. ಆ ಆವಿಯನ್ನು ಎಳೆದುಕೊಂಡು, ಒತ್ತಿ, ಹೊರಗೆ ನೀರಿನಿಂದ ತಣಿಸಿ ಮತ್ತೆ ದ್ರವವಾಗುವಂತೆ ಮಾಡುವುದೇ ಕಂಪ್ರೆಸರಿನ ಕೆಲಸ. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಅಮೋನಿಯಾ ಯಂತ್ರವನ್ನು ಬಳಕೆಗೆ ತಂದ. ಅದಕ್ಕೂ ಮೊದಲು, 1833ರಲ್ಲಿ, ಕಲ್ಕತ್ತೆಯ ಇಂಗ್ಲಿಷರಿಗೆ ಐಸು ಬಂದದ್ದು ಅಮೆರಿಕದ ಕೆರೆಗಳಿಂದ, ಹಡಗಿನಲ್ಲಿ, ತಿಂಗಳುಗಟ್ಟಲೆ ಪ್ರಯಾಣ ಮಾಡಿ! ಇಂದು ಮೀನು ಮಾರುವ ನಮ್ಮ ಹೆಂಗಸಿನ ಬುಟ್ಟಿಯಲ್ಲಿ ಐಸು ಪುಡಿಪುಡಿಯಾಗಿ ಬಿದ್ದಿರುತ್ತದೆ. ಈ ಎರಡು ಚಿತ್ರಗಳ ನಡುವೆ ನಿಂತಿರುವುದು ಕಂಪ್ರೆಸರ್.

ಈ ವಿಷಯ ನನಗೆ ಹೇಗೆ ಗೊತ್ತು ಎಂದು ನೀವು ಕೇಳಬಹುದು. ನನ್ನ ತಮ್ಮ ಈ ಕೆಲಸದವನು. ಬಂದರಿನ ದಾರಿಯಲ್ಲಿ ಅವನ ಶೆಡ್ಡು. ಕರಾವಳಿಯಲ್ಲಿ ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡುವ ಕಾಲ. ದೋಣಿ ದಡಕ್ಕೆ ಬಂದರೆ ಐಸಿಗೆ ಗಿರಾಕಿ ಇಲ್ಲ. ಐಸ್ ಪ್ಲಾಂಟುಗಳು ಸುಮ್ಮನಾಗುತ್ತವೆ. ಊರಿಗೆಲ್ಲ ಮಳೆಗಾಲದ ರಜೆಯಾದರೆ ನನ್ನ ತಮ್ಮನ ಶೆಡ್ಡಿಗೆ ಅದೇ ಸುಗ್ಗಿ. ವರ್ಷವಿಡೀ ದುಡಿದು ಸವೆದ ಕಂಪ್ರೆಸರುಗಳು ಲಾರಿಯಲ್ಲಿ ಬಂದು ಸಾಲಾಗಿ ಕೂರುತ್ತವೆ, ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ. ಆಗಸ್ಟಿನ ಮೊದಲ ದೋಣಿ ಹೊರಡುವ ಮೊದಲು ಎಲ್ಲವೂ ಎದ್ದು ನಡೆಯುವಂತಾಗಿ ಹಿಂದಿರುಗಬೇಕು.

ಅಲ್ಲಿ ನಡೆಯುವುದನ್ನು ಜನ ‘ರಿಪೇರಿ’ ಎನ್ನುತ್ತಾರೆ. ನನ್ನ ಮೊದಲ ತಕರಾರು ಈ ಪದದ ಮೇಲೆಯೇ. ರಿಪೇರಿ ಎಂದರೆ ಕೆಟ್ಟ ಒಂದು ಭಾಗವನ್ನು ಸರಿಮಾಡಿ ಉಳಿದದ್ದನ್ನು ಇದ್ದ ಹಾಗೆ ಬಿಡುವುದು. ಅಲ್ಲಿ ಆಗುವುದು ಬೇರೆ. ಮೊದಲು ಅಮೋನಿಯಾವನ್ನು ಪೂರ್ತಿ ಹೊರಗೆ ತೆಗೆದು ಯಂತ್ರವನ್ನು ಕೊನೆಯ ನಟ್ಟಿನವರೆಗೂ ಬಿಚ್ಚುತ್ತಾರೆ. ಎಲ್ಲವನ್ನೂ ತೊಳೆಯುತ್ತಾರೆ. ಆಮೇಲೆ ಅಳತೆ. ಪಿಸ್ಟನ್ ಓಡಾಡುವ ಕೊಳವೆಗೆ ಲೈನರ್ ಎನ್ನುತ್ತಾರೆ. ಅದು ಎಷ್ಟು ಸವೆದಿದೆ ಎಂದು ಮೇಲೆ, ನಡುವೆ, ಕೆಳಗೆ ಬೇರೆ ಬೇರೆಯಾಗಿ ಅಳೆಯುತ್ತಾರೆ. ಲೆಕ್ಕ ಮಿಲಿಮೀಟರಿನ ನೂರರಲ್ಲೊಂದು ಪಾಲಿನಲ್ಲಿ. ನಿಮ್ಮ ತಲೆಯ ಒಂದು ಕೂದಲು ಅದಕ್ಕಿಂತ ಎಷ್ಟೋ ದಪ್ಪ! ಲೈನರ್ ಸವೆದಿದ್ದರೆ ದಿಂಬಿನ ಕವರಿನಂತೆ ಅದನ್ನು ಎಳೆದು ತೆಗೆದು ಹೊಸತು ಕೂರಿಸುತ್ತಾರೆ. ಕ್ರ್ಯಾಂಕ್ ಶಾಫ್ಟ್ ಸವೆದಿದ್ದರೆ ಗ್ರೈಂಡಿಂಗ್ ಮೆಷೀನಿನಲ್ಲಿ ಗೊತ್ತಾದ ಅಳತೆಗೆ ತೇಯ್ದು ನಯ ಮಾಡಿ, ಅದಕ್ಕೆ ಸರಿಯಾದ ಬೇರಿಂಗ್ ಹಾಕುತ್ತಾರೆ. ಬೆರಳು ಸಣ್ಣಗಾದರೆ ಸಣ್ಣ ಅಳತೆಯ ಕಾಲುಂಗುರ ತೊಡಿಸಿದಂತೆ. ಬಿರುಕು ನೋಡುವ ಬಗೆಯಂತೂ ನನಗೆ ಬಹಳ ಇಷ್ಟ. ಕೆಂಪು ಬಣ್ಣದ ದ್ರವ ಸವರಿ, ಒರೆಸಿ, ಮೇಲೆ ಬಿಳಿ ಪುಡಿ ಹಾಕುತ್ತಾರೆ. ಕಣ್ಣಿಗೆ ಕಾಣದ ಬಿರುಕು ಇದ್ದರೆ ಬಿಳಿಯ ಮೇಲೆ ಕುಂಕುಮದ ಗೆರೆಯಂತೆ ಕೆಂಪು ಮೂಡುತ್ತದೆ. ಯಂತ್ರ ತಾನೇ ಬಾಯಿಬಿಟ್ಟು ತನ್ನ ನೋವು ಹೇಳುತ್ತದೆ.

ಪಿಸ್ಟನ್ ರಿಂಗು, ಬೇರಿಂಗು, ವಾಲ್ವಿನ ತಟ್ಟೆ ಮತ್ತು ಸ್ಪ್ರಿಂಗು, ಶಾಫ್ಟ್ ಸೀಲು, ಗ್ಯಾಸ್ಕೆಟ್ಟು: ಇವು ‘ಇನ್ನೂ ಸ್ವಲ್ಪ ದಿನ ಬರುತ್ತದೆ’ ಎಂದು ಕಂಡರೂ ಬಿಸಾಡಿ ಹೊಸತೇ ಹಾಕಬೇಕು. ಕೊನೆಗೆ ಜೋಡಿಸಿ, ಒಣ ನೈಟ್ರೋಜನ್ ತುಂಬಿ ಒತ್ತಡದ ಪರೀಕ್ಷೆ. ಎಲ್ಲೂ ಸೋರದಿದ್ದರೆ ಓಡಿಸಿ, ಎಣ್ಣೆಯ ಒತ್ತಡ, ಬಿಸಿ, ಸದ್ದು ನೋಡಿ, ಬರೆದಿಟ್ಟು ಕಳಿಸುತ್ತಾರೆ. ಉಳಿದದ್ದು ಏನು? ಬೀಡು ಕಬ್ಬಿಣದ ಮೈ, ಶಾಫ್ಟು, ಅಂದರೆ ತೂಕದ ಬಹುಪಾಲು. ಅದೇ ಯಂತ್ರವನ್ನು ಗುಜರಿಗೆ ಹಾಕಿದ್ದರೆ ಆ ಕಬ್ಬಿಣವನ್ನು 1200 ಡಿಗ್ರಿಯ ಸುಮಾರಿಗೆ ಕಾಯಿಸಿ ಕರಗಿಸಿ, ಮತ್ತೆ ಎರಕ ಹೊಯ್ದು, ಮತ್ತೆ ಕೊರೆದು ಅದೇ ಆಕಾರಕ್ಕೆ ತರಬೇಕಿತ್ತು. ಇದ್ದ ಗೋಡೆಯನ್ನು ಕೆಡವಿ, ಅದೇ ಕಲ್ಲು ಪುಡಿ ಮಾಡಿ, ಅದೇ ಜಾಗದಲ್ಲಿ ಅದೇ ಗೋಡೆ ಕಟ್ಟಿದಂತೆ. ಇದಕ್ಕೆ ಅಭಿವೃದ್ಧಿ ಎಂದು ಹೆಸರು!

ಇಂಥ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ರೀಮ್ಯಾನುಫ್ಯಾಕ್ಚರಿಂಗ್’ ಎನ್ನುತ್ತಾರೆ. 2009ರಲ್ಲಿ ಬ್ರಿಟನ್ನಿನ ಮಾನಕ ಸಂಸ್ಥೆ ಈ ಪದಕ್ಕೆ ಅರ್ಥ ಕಟ್ಟಿಕೊಟ್ಟಿತು. ಬಳಸಿದ ವಸ್ತುವನ್ನು ಅದರ ಮೂಲ ಸಾಮರ್ಥ್ಯಕ್ಕೆ ಕಡಿಮೆಯಿಲ್ಲದಂತೆ ಮರಳಿ ತರಬೇಕು, ಹೊಸತಕ್ಕೆ ಕೊಡುವಷ್ಟಾದರೂ ಗ್ಯಾರಂಟಿ ಕೊಡಬೇಕು. ಎರಡೂ ಇದ್ದರೆ ಮಾತ್ರ ಆ ಹೆಸರು. ಕನ್ನಡದಲ್ಲಿ ಪದವಿಲ್ಲವೆಂದು ಯಾರೋ ಹೇಳಿದರು. ಯಾಕಿಲ್ಲ? ‘ಜೀರ್ಣೋದ್ಧಾರ’ ಎಂಬ ಮಾತನ್ನು ನಮ್ಮ ಊರ ದೇವಸ್ಥಾನದ ರಸೀದಿ ಪುಸ್ತಕದಲ್ಲಿ ನೀವು ಓದಿಲ್ಲವೇ? ಗರ್ಭಗುಡಿಯ ಕಲ್ಲು ಬಿಚ್ಚಿ, ಅಳೆದು, ಜೀರ್ಣವಾದದ್ದನ್ನು ಬದಲಿಸಿ, ಮತ್ತೆ ಕೂರಿಸಿ ಬ್ರಹ್ಮಕಲಶ ಮಾಡುತ್ತೇವೆ. ಆಮೇಲೆ ಯಾರಾದರೂ ‘ಇದು ಸೆಕೆಂಡ್ ಹ್ಯಾಂಡ್ ದೇವಸ್ಥಾನ’ ಎನ್ನುತ್ತಾರೆಯೇ?

ದೇವರ ಮಾತು ಬೇಡ, ಅಡಿಗೆಮನೆಗೇ ಬನ್ನಿ. ನಿಮ್ಮ ಗ್ಯಾಸ್ ಸಿಲಿಂಡರ್ ಹೊಸತೇ? ಎಷ್ಟೋ ವರ್ಷ ಎಷ್ಟೋ ಮನೆಗಳಲ್ಲಿ ಉರಿದು, ಉರುಳಿ, ಮೈ ತರಚಿಸಿಕೊಂಡು ಬಂದದ್ದು. ನಿನ್ನೆ ಯಾರ ಮನೆಯಲ್ಲಿತ್ತು ಎಂದು ನೀವು ಕೇಳುವುದಿಲ್ಲ. ಬೆಂಕಿ ಹೊತ್ತಿಸುವ ವಸ್ತುವನ್ನೇ ಹಳೆಯದೆಂದು ಗೊತ್ತಿದ್ದೂ ಒಲೆಯ ಮಗ್ಗುಲಲ್ಲಿಟ್ಟುಕೊಂಡು ನಿಶ್ಚಿಂತೆಯಿಂದ ಸಾರು ಕುದಿಸುತ್ತೇವೆ. ಹೇಗೆ ಬಂತು ಆ ಧೈರ್ಯ? ಸಿಲಿಂಡರಿನ ಕೊರಳ ಬಳಿಯ ಪಟ್ಟಿಯ ಒಳಮೈ ನೋಡಿ. ಒಂದು ಅಕ್ಷರ, ಒಂದು ಅಂಕಿ ಬರೆದಿರುತ್ತದೆ. ‘ಎ’ ಎಂದರೆ ವರ್ಷದ ಮೊದಲ ಮೂರು ತಿಂಗಳು, ‘ಬಿ’ ಎಂದರೆ ನಂತರದ ಮೂರು, ಹಾಗೆ ‘ಡಿ’ಯವರೆಗೆ, ಪಕ್ಕದ್ದು ಇಸವಿ. ಅಷ್ಟರೊಳಗೆ ಅದು ಮತ್ತೆ ಪರೀಕ್ಷೆಗೆ ಹೋಗಬೇಕು ಎಂದು ಅರ್ಥ. ನಿಗದಿಯಾದ ವರ್ಷಗಳಿಗೊಮ್ಮೆ ನೀರು ತುಂಬಿ ಒತ್ತಡ ಹಾಕಿ ನೋಡಿ, ಪಾಸಾದದ್ದಕ್ಕೆ ಹೊಸ ತಾರೀಕು ಬರೆಯುತ್ತಾರೆ, ಫೇಲಾದದ್ದನ್ನು ತೆಗೆದುಹಾಕುತ್ತಾರೆ.

ಇದೇ ನನ್ನ ವಾದದ ಜೀವಾಳ. ನಂಬಿಕೆ ಬರುವುದು ಹೊಸತನದಿಂದಲ್ಲ. ಅಳತೆ ಮಾಡಿದವರು ಇದ್ದಾರೆ, ತಾರೀಕು ಇದೆ, ತಪ್ಪಾದರೆ ಕೇಳಲು ಒಂದು ವಿಳಾಸ ಇದೆ ಎಂಬುದರಿಂದ. ಸಿಲಿಂಡರಿಗೆ ಈ ವ್ಯವಸ್ಥೆ ಇದೆ, ಆದ್ದರಿಂದ ಅದಕ್ಕೆ ಮೈಲಿಗೆಯಿಲ್ಲ. ಮರುನಿರ್ಮಾಣವಾದ ಕಂಪ್ರೆಸರಿಗೆ ಇದಿಲ್ಲ, ಆದ್ದರಿಂದ ಅದು ‘ಹಳೇದು’.

ಈ ಮೈಲಿಗೆಯಿಂದ ಆಗುವ ನಷ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಷೇರುದಾರಳಾಗಿರುವ ಒಂದು ಸಹಕಾರಿ ಸಂಸ್ಥೆಗೆ ಒಂದು ಐಸ್ ಪ್ಲಾಂಟ್ ಇದೆ. ಹೆಸರು ಬೇಡ. ಕೆಲವು ವರ್ಷಗಳ ಹಿಂದೆ ಅದರ ದೊಡ್ಡ ಕಂಪ್ರೆಸರ್ ವಾಲ್ವು ಒಡೆದು ನಿಂತಿತು. ನನ್ನ ತಮ್ಮ ಅದನ್ನು ನೋಡಿದ್ದ. ‘ಅಕ್ಕ, ಇದು ಸತ್ತದ್ದಲ್ಲ, ಸಾಯಿಸಿದ್ದು’ ಎಂದ. ಕಂಪ್ರೆಸರಿಗೆ ಬರಬೇಕಾದದ್ದು ಆವಿ. ಎಲ್ಲೋ ಹಿಂದೆ ಫ್ಲೋಟ್ ವಾಲ್ವ್ ಕೆಟ್ಟು ಆವಿಯ ಜೊತೆ ದ್ರವವೂ ನುಗ್ಗುತ್ತಿತ್ತು. ದ್ರವವನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಅದು ವಾಲ್ವನ್ನೇ ಒಡೆಯುತ್ತದೆ. ಮೈ, ಶಾಫ್ಟು ಎರಡೂ ಗಟ್ಟಿಯಿದ್ದವು. ಆದರೆ ಸಂಸ್ಥೆಯ ಟೆಂಡರಿನಲ್ಲಿ ಒಂದೇ ಮಾತು: ‘ಹೊಚ್ಚ ಹೊಸ ಯಂತ್ರ ಮಾತ್ರ’. ಹಳೆಯದು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಹೊಸತು ಬಂತು, ಅರಿಶಿನ ಕುಂಕುಮ, ತೆಂಗಿನಕಾಯಿ, ಫೋಟೋ ಎಲ್ಲ ಆಯಿತು. ಫ್ಲೋಟ್ ವಾಲ್ವಿನ ಕಡೆ ಯಾರೂ ನೋಡಲಿಲ್ಲ. ಮರುವರ್ಷ ಹೊಸತರ ವಾಲ್ವೂ ಒಡೆಯಿತು. ಮನೆಯಲ್ಲಿ ಕುಡಿಯುವ ನೀರು ಕೆಟ್ಟಿದ್ದರೆ ಸೊಸೆ ಬದಲಾದರೆ ಕಾಯಿಲೆ ಹೋಗುತ್ತದೆಯೇ?

ಮಹಾಸಭೆಯಲ್ಲಿ ಎದ್ದು ನಿಂತು ನಾನು ಕೇಳಿದೆ: ಹಳೆಯದನ್ನು ಬಿಚ್ಚಿ ಪರೀಕ್ಷೆ ಮಾಡಿಸಿದ ವರದಿ ಎಲ್ಲಿದೆ, ಅದು ಏಕೆ ಕೆಟ್ಟಿತೆಂದು ಯಾರು ಬರೆದುಕೊಟ್ಟರು? ವೇದಿಕೆಯ ಮೇಲಿಂದ ನಗುತ್ತಾ ಉತ್ತರ ಬಂತು: ‘ಟೀಚರೇ, ನೀವು ಮಕ್ಕಳಿಗೆ ಪಾಠ ಮಾಡಿ, ಮೆಷೀನಿನ ವಿಷಯ ನಿಮಗೆ ಗೊತ್ತಾಗುದಿಲ್ಲ.’ ಸಭೆಯೂ ನಕ್ಕಿತು. ಆ ವರ್ಷ ಡಿವಿಡೆಂಡ್ ಇರಲಿಲ್ಲ. ಅದಕ್ಕೆ ಯಾರೂ ನಗಲಿಲ್ಲ.

ಆ ಉತ್ತರದ ಹಿಂದಿನ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಹೊಸತು ತಂದವನನ್ನು ಆಡಿಟ್ಟಿನವರು ಪ್ರಶ್ನಿಸುವುದಿಲ್ಲ. ಹಳೆಯದನ್ನು ಸರಿಮಾಡಿಸಿದವನಿಗೆ ನೂರು ಪ್ರಶ್ನೆ. ದುಡ್ಡು ಸಂಸ್ಥೆಯದು, ಹೆದರಿಕೆ ತನ್ನದು. ಹೀಗಿರುವಾಗ ಯಾರು ಜೀರ್ಣೋದ್ಧಾರಕ್ಕೆ ಕೈಹಾಕುತ್ತಾರೆ?

ಇದೇ ಮೈಲಿಗೆ ಮನುಷ್ಯರಿಗೂ ತಗಲುತ್ತದೆ. ತಮ್ಮನ ಶೆಡ್ಡಿನಲ್ಲಿ ಒಬ್ಬ ಹುಡುಗ, ಐಟಿಐ ಓದಿದವನು, ನನ್ನದೇ ಹಳೆಯ ವಿದ್ಯಾರ್ಥಿ. ಮೈಕ್ರೋಮೀಟರ್ ಹಿಡಿದರೆ ಅವನ ಕೈ ನಡುಗುವುದಿಲ್ಲ. ಶಾಫ್ಟಿನ ಸದ್ದಿನಲ್ಲೇ ಬೇರಿಂಗಿನ ಕಾಯಿಲೆ ಹೇಳುತ್ತಾನೆ. ಒಳ್ಳೆಯ ಸಂಪಾದನೆ, ದುಶ್ಚಟವಿಲ್ಲ. ನನಗೆ ಗೊತ್ತಿದ್ದ ಒಂದು ಮನೆಗೆ ಈ ಸಂಬಂಧ ಹೇಳಿದೆ. ಹುಡುಗಿಯ ತಾಯಿ ಎಲ್ಲ ಕೇಳಿ, ‘ಹುಡುಗ ಒಳ್ಳೆಯವನೇ ಟೀಚರೇ, ಆದರೆ ಗ್ಯಾರೇಜಿನವನಲ್ಲವಾ’ ಎಂದರು. ಹುಡುಗಿಯನ್ನು ಕೊಟ್ಟದ್ದು ಹೊಸ ಫ್ರಿಜ್ಜು ಮಾರುವ ಅಂಗಡಿಯ ಮ್ಯಾನೇಜರಿಗೆ. ಆ ಹುಡುಗನೂ ಒಳ್ಳೆಯವನೇ ಇರಲಿ, ಸುಖವಾಗಿರಲಿ. ಆದರೆ ಹೊಸತನ್ನು ಮಾರುವ ಕೈ ಬಿಳಿ, ಹಳೆಯದಕ್ಕೆ ಜೀವ ಕೊಡುವ ಕೈ ಕಪ್ಪು ಎಂದು ತೀರ್ಮಾನಿಸಿದವರು ಯಾರು? ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮೊದಲು ಮುಂಬಯಿಯಲ್ಲಿ ನನ್ನ ಹಾಗೆ ಮೇಷ್ಟ್ರಾಗಿದ್ದರು. ಅದನ್ನು ಬಿಟ್ಟು ಬೆಳಗಾವಿಗೆ ಬಂದು ಸೈಕಲ್ ಅಂಗಡಿ ಇಟ್ಟವರು. ಅವರಿಂದ ಬೆಳೆದ ಉದ್ಯಮ ಬಳಗದ ಪುಣೆಯ ಕಾರ್ಖಾನೆಯಲ್ಲೇ ಮುಂದೆ ಅಮೋನಿಯಾ ಕಂಪ್ರೆಸರುಗಳು ತಯಾರಾದವು. ಅಂದು ‘ಸೈಕಲ್ ಅಂಗಡಿಯವನಲ್ಲವಾ’ ಎಂದು ಮೂಗು ಮುರಿದವರು ಇದ್ದಿರಲಾರರೇ?

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷವನ್ನೂ ಬಯ್ಯದೆ ಬಿಟ್ಟರೆ ನಾನು ತಮ್ಮನ ವಕೀಲಳು ಎಂದು ನೀವು ಅಂದುಕೊಳ್ಳುತ್ತೀರಿ. ಹಳೆಯದರ ಹೆಸರು ಕೆಡಿಸಿದವರು ಹೊಸತರ ಹುಚ್ಚಿನವರು ಮಾತ್ರವಲ್ಲ, ಹಳೆಯದರ ವ್ಯಾಪಾರಿಗಳು ಕೂಡ. ಮೇಲೆ ಥಳಕು ಒಳಗೆ ಹುಳುಕು. ಸವೆದ ಯಂತ್ರದ ಮೇಲೆ ಹಸಿರು ಬಣ್ಣ ಬಳಿದು, ರಿಂಗು ಮಾತ್ರ ಬದಲಿಸಿ, ‘ಪೂರ್ತಿ ರೀಕಂಡೀಶನ್ ಸ್ವಾಮಿ’ ಎಂದು ಮಾರುವವರಿದ್ದಾರೆ. ಅಮೋನಿಯಾಕ್ಕೂ ತಾಮ್ರ, ಹಿತ್ತಾಳೆಗೂ ಆಗಿಬರುವುದಿಲ್ಲ, ಅದು ಅವುಗಳನ್ನು ತಿಂದುಹಾಕುತ್ತದೆ ಎಂದು ಗೊತ್ತಿಲ್ಲದೆ, ಕೈಗೆ ಸಿಕ್ಕ ಹಿತ್ತಾಳೆಯ ತುಂಡು ಹಾಕಿಕೊಡುವವರಿದ್ದಾರೆ. ಒತ್ತಡದ ಪರೀಕ್ಷೆಗೆ ನೈಟ್ರೋಜನ್ ಸಿಲಿಂಡರ್ ತರುವ ಖರ್ಚು ಉಳಿಸಲು ವೆಲ್ಡಿಂಗಿನ ಆಕ್ಸಿಜನ್ ತುಂಬುವ ಮೂರ್ಖರೂ ಇರುತ್ತಾರೆ. ಎಣ್ಣೆ ಇರುವ ಯಂತ್ರಕ್ಕೆ ಒತ್ತಡದ ಆಕ್ಸಿಜನ್ ತಗಲಿದರೆ ಅದು ಬಾಂಬು. ಇವರು ಮಾಡುವುದಕ್ಕೆ ಜೀರ್ಣೋದ್ಧಾರ ಎನ್ನಬೇಡಿ. ಇದು ಹೆಣಕ್ಕೆ ಶೃಂಗಾರ.

ಇದರ ದಂಡ ತೆರುವವರು ಯಾರು? ನಮ್ಮ ಹವೆಯಲ್ಲಿ ಅಮೋನಿಯಾವನ್ನು ದ್ರವ ಮಾಡಲು ಗಾಳಿಯ ಸಹಜ ಒತ್ತಡದ ಹದಿಮೂರು ಪಟ್ಟಿನಷ್ಟು ಒತ್ತಡ ಬೇಕು. ಎಲ್ಲಾದರೂ ಒಂದು ಸೀಲು ಬಿಟ್ಟುಕೊಂಡರೆ ಅದು ಕಣ್ಣು, ಗಂಟಲು, ಶ್ವಾಸಕೋಶ ಸುಡುತ್ತದೆ. ಹೆಚ್ಚಾದರೆ ಪ್ರಾಣವನ್ನೇ ತೆಗೆಯುತ್ತದೆ. ಮೀನು, ಸಿಗಡಿ ಸಂಸ್ಕರಣೆಯ ಘಟಕಗಳ ಒಳಗೆ ಹೋಗಿ ನೋಡಿದ್ದೀರಾ? ಮೇಜಿನ ಮುಂದೆ, ತಣ್ಣೀರಿನಲ್ಲಿ ಕೈಯಿಟ್ಟು, ಸಿಗಡಿಯ ಸಿಪ್ಪೆ ಸುಲಿಯುತ್ತ ನಿಂತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಕಂಪ್ರೆಸರಿನ ಬಿಲ್ಲಿಗೆ ಸಹಿ ಹಾಕುವವರು ಅವರಲ್ಲ, ಅದು ಸೋರಿದಾಗ ಕೆಮ್ಮುತ್ತ ಓಡುವವರು ಅವರು. ಆದ್ದರಿಂದ ‘ಹೇಗೋ ಓಡುತ್ತದಲ್ಲ’ ಎನ್ನುವವನ ಮೇಲೆ ನನಗೆ ‘ಹೊಸತೇ ಬೇಕು’ ಎನ್ನುವವನ ಮೇಲಿಗಿಂತ ಹೆಚ್ಚು ಸಿಟ್ಟು. ಒಬ್ಬ ದುಡ್ಡು ಹಾಳುಮಾಡುತ್ತಾನೆ, ಇನ್ನೊಬ್ಬ ಜೀವ.

ಹಾಗಾದರೆ ಹೊಸತೇ ಸುರಕ್ಷಿತವಲ್ಲವೇ ಎಂದು ಕೇಳಬೇಡಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1986ರಲ್ಲಿ ಮನೆಯ ಫ್ರಿಜ್ಜುಗಳಿಗೆ ಹೊಚ್ಚ ಹೊಸ ವಿನ್ಯಾಸದ ಕಂಪ್ರೆಸರ್ ಹಾಕಿತು. ಅವು ಬೇಗ ಸವೆದು ಕೆಡತೊಡಗಿದವು. ಕೊನೆಗೆ ಹತ್ತು ಲಕ್ಷಕ್ಕೂ ಹೆಚ್ಚು ಫ್ರಿಜ್ಜುಗಳ ಕಂಪ್ರೆಸರುಗಳನ್ನು ಕಂಪನಿಯೇ ಬದಲಿಸಿಕೊಡಬೇಕಾಯಿತು. 1988ರಲ್ಲಿ 45 ಕೋಟಿ ಡಾಲರನ್ನು ಈ ಲೆಕ್ಕಕ್ಕೆ ಬರೆಯಿತು. ಹೊಸತೆಂಬುದು ವಯಸ್ಸು ಮಾತ್ರ, ಗುಣವಲ್ಲ. ಎರಡು ವರ್ಷದ ಮಗುವೂ ಹೊಸದೇ, ಅದರ ಕೈಯಲ್ಲಿ ಯಾರೂ ಮನೆಯ ಬೀಗದಕೈ ಕೊಡುವುದಿಲ್ಲ.

ಇನ್ನೊಂದು ಆಕ್ಷೇಪ ಕರೆಂಟಿನದು. ಹೊಸ ಯಂತ್ರ ಕಡಿಮೆ ಕರೆಂಟು ತಿನ್ನುತ್ತದೆ ಎನ್ನುತ್ತಾರೆ. ಕೆಲವು ಕಡೆ ನಿಜ, ಒಪ್ಪುತ್ತೇನೆ. ಆದರೆ ಅವರು ಹೊಸತನ್ನು ಹೋಲಿಸುವುದು ಸವೆದು ಕೂತ ಹಳೆಯದರ ಜೊತೆ. ಮಲಗಿದ ರೋಗಿಯ ಜೊತೆ ಓಟದ ಪಂದ್ಯ! ರಿಂಗು, ವಾಲ್ವು ಸವೆದಾಗ ಒತ್ತಿದ ಆವಿ ಹಿಂದಕ್ಕೆ ಸೋರುತ್ತದೆ, ಯಂತ್ರ ಅದನ್ನೇ ಮತ್ತೆ ಮತ್ತೆ ಒತ್ತುತ್ತದೆ. ತೂತಿನ ಕೊಡದಲ್ಲಿ ನೀರು ಸೇದಿದ ಹಾಗೆ. ಆ ತೂತು ಮುಚ್ಚಿ ಮೂಲ ಅಳತೆಗೆ ತಂದ ಮೇಲೆ ಹೋಲಿಸಿ ನೋಡಿ. ಕಂಡೆನ್ಸರ್ ಕೊಳವೆಗೆ ಗಡಸು ನೀರಿನ ಸುಣ್ಣ ಕಟ್ಟಿದ್ದರೆ, ಕೊಳವೆಯೊಳಗೆ ಗಾಳಿ ಸೇರಿಕೊಂಡಿದ್ದರೆ, ಕೋಣೆಯ ಗೋಡೆಯ ಹೊದಿಕೆ ತೇವ ಹಿಡಿದಿದ್ದರೆ, ಯಾವ ಹೊಸ ಕಂಪ್ರೆಸರೂ ನಿಮ್ಮ ಬಿಲ್ಲು ಇಳಿಸಲಾರದು.

ಗ್ಯಾಸಿನ ಮಾತೂ ಇದೆ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಓಝೋನ್ ಪದರ ಕೆಡಿಸುವ ಅನಿಲಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿದೆ. ಆರ್-22 ಎಂಬುದರ ಬಳಕೆಯನ್ನು ನಮ್ಮಂಥ ದೇಶಗಳು 2030ರೊಳಗೆ ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಬೇಕು. ಅದಾದ ಮೇಲೆ ಬಂದ ಅನಿಲಗಳು ಭೂಮಿಯ ಬಿಸಿ ಏರಿಸುತ್ತವೆಂದು 2016ರಲ್ಲಿ ಕಿಗಾಲಿಯಲ್ಲಿ ಇನ್ನೊಂದು ಒಪ್ಪಂದವಾಯಿತು. ಭಾರತ ಅದನ್ನು 2021ರಲ್ಲಿ ಅನುಮೋದಿಸಿತು. ಅಂಥ ಗ್ಯಾಸಿನ ಮೇಲೆ ಮಾತ್ರ ನಡೆಯುವ ಯಂತ್ರಕ್ಕೆ ದುಡ್ಡು ಸುರಿಯುವ ಮೊದಲು ಹತ್ತು ಸಲ ಯೋಚಿಸಬೇಕು. ಆದರೆ ಅಮೋನಿಯಾ? ಅದರಿಂದ ಓಝೋನಿಗೂ ಹಾನಿಯಿಲ್ಲ, ಭೂಮಿಯ ಜ್ವರವೂ ಏರುವುದಿಲ್ಲ. ಲಿಂಡೆಯ ಕಾಲದ ಆ ಅಜ್ಜಿಮದ್ದೇ ಇಂದಿಗೂ ಮುಂದಿನ ಕಾಲಕ್ಕೂ ಸಲ್ಲುತ್ತದೆ. ಗ್ಯಾಸು ಹಳತಾಗದಿದ್ದ ಮೇಲೆ ಗಟ್ಟಿ ಮೈಯ ಯಂತ್ರವನ್ನು ಹಳತೆಂದು ಬಿಸಾಡಲು ಕಾರಣವೇನು? ಮೈಯೇ ಬಿರುಕು ಬಿಟ್ಟಿದ್ದರೆ, ಬಿಡಿಭಾಗ ಸಿಗುವುದೇ ಇಲ್ಲವೆಂದಾದರೆ ಬಿಸಾಡಿ. ಹರಿದ ಸೀರೆಯನ್ನೆಲ್ಲ ಹೊಲಿದು ಉಡಬೇಕೆಂದು ನಾನು ಹೇಳುವುದಿಲ್ಲ, ಕೆಲವು ನೆಲ ಒರೆಸಲಿಕ್ಕೇ ಲಾಯಕ್ಕು. ಆದರೆ ಯಾವುದು ಯಾವುದೆಂದು ಬಿಡಿಸಿ ನೋಡದೆ ಕಂತೆಯನ್ನೇ ಬಿಸಾಡುವ ಗೃಹಿಣಿಯನ್ನು ನೀವು ಜಾಣೆ ಎನ್ನುತ್ತೀರಾ?

2022ರ ಜುಲೈಯಲ್ಲಿ ಕೇಂದ್ರ ಸರಕಾರ ‘ರಿಪೇರಿಯ ಹಕ್ಕು’ ಎಂದು ಒಂದು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲು ಮತ್ತು ಇಲೆಕ್ಟ್ರಾನಿಕ್ಸ್, ಮನೆಬಳಕೆಯ ಸಾಮಾನು, ವಾಹನ ಎಂದು ನಾಲ್ಕು ಕ್ಷೇತ್ರ ಗುರುತಿಸಿತು. ಒಳ್ಳೆಯದೇ. ನಮ್ಮ ಮನೆಯ ಕಪ್ಪು ಡಬ್ಬಿಗೆ ಅಲ್ಲಿ ಜಾಗ ಸಿಕ್ಕಿತು. ಅದಂತೂ ಬೆಸುಗೆ ಹಾಕಿ ಮುಚ್ಚಿದ ಗಡಿಗೆ, ಗರಗಸವಿಲ್ಲದೆ ಬಿಚ್ಚಲಾಗದ್ದು. ಬಿಚ್ಚಲೆಂದೇ ಬೋಲ್ಟು ಹಾಕಿ ಮಾಡಿದ ಅದರ ದೊಡ್ಡಣ್ಣನಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ!

ನನ್ನ ಬೇಡಿಕೆಗಳು ದೊಡ್ಡವಲ್ಲ. ಜೀರ್ಣೋದ್ಧಾರವಾದ ಪ್ರತಿ ಕಂಪ್ರೆಸರಿನ ಮೈಮೇಲೆ ಒಂದು ತಗಡಿರಲಿ: ಯಾವ ಅಳತೆಗೆ ತಂದರು, ಯಾವ ಒತ್ತಡಕ್ಕೆ ಪರೀಕ್ಷಿಸಿದರು, ಯಾವ ತಾರೀಕು, ಯಾರ ಸಹಿ. ಹೊಸತಕ್ಕಿರುವಷ್ಟೇ ಗ್ಯಾರಂಟಿ ಕೊಡುವ ತಾಕತ್ತಿದ್ದವನು ಮಾತ್ರ ಆ ಹೆಸರು ಹೇಳಿಕೊಳ್ಳಲಿ, ಉಳಿದವರು ‘ಬಣ್ಣ ಬಳಿದದ್ದು’ ಎಂದೇ ಮಾರಲಿ. ಸಹಕಾರಿ ಸಂಸ್ಥೆಗಳ, ಸರಕಾರದ ಟೆಂಡರುಗಳಲ್ಲಿ ಹೊಸತರ ಪಕ್ಕದಲ್ಲಿ ಇದಕ್ಕೂ ಒಂದು ಸಾಲು ಇರಲಿ. ಅಸಲಿ ಬಿಡಿಭಾಗವನ್ನೂ ಅಳತೆಯ ಪಟ್ಟಿಯನ್ನೂ ತಯಾರಕರು ಹೊರಗಿನ ಶೆಡ್ಡುಗಳಿಗೂ ನ್ಯಾಯವಾದ ಬೆಲೆಗೆ ಕೊಡಲಿ. ಅದು ಸಿಗದಾಗಲೇ ಹಿತ್ತಾಳೆಯ ತುಂಡು ಒಳಗೆ ನುಸುಳುವುದು. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ 1973ರಿಂದ ತನ್ನ ಹಳೆಯ ಎಂಜಿನ್ ಭಾಗಗಳನ್ನು ತಾನೇ ಹಿಂದಕ್ಕೆ ಪಡೆದು ಮರುನಿರ್ಮಿಸುತ್ತಿದೆ. ಗಿರಾಕಿ ಹಳೆಯದನ್ನು ಮರಳಿಸಿದರೆ ಠೇವಣಿ ವಾಪಸು, ಸೋಡಾ ಬಾಟಲಿಯ ಹಾಗೆ. ಹೊಸತನ್ನು ಮಾಡುವವನೇ ಹಳತನ್ನು ಗೌರವಿಸಿದರೂ ಕಂಪನಿ ಮುಳುಗುವುದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಇದರಲ್ಲಿ ನಾವು ಹೆಂಗಸರು ಮಾಡುವುದೇನಿದೆ ಎನ್ನುತ್ತೀರಾ? ಬೇಕಾದಷ್ಟಿದೆ. ಹಾಲಿನ ಸೊಸೈಟಿಯಲ್ಲಿ, ಮೀನುಗಾರ ಮಹಿಳೆಯರ ಸಂಘದಲ್ಲಿ, ಬ್ಯಾಂಕಿನಲ್ಲಿ ನಮ್ಮ ಹೆಸರಿನ ಷೇರುಗಳಿವೆ. ಮಹಾಸಭೆಯ ನೋಟೀಸು ಬಂದಾಗ ಅದನ್ನು ಉಪ್ಪಿನಕಾಯಿ ಭರಣಿಗೆ ಮುಚ್ಚದೆ ಓದಿ. ‘ಹೊಸ ಯಂತ್ರ ಖರೀದಿ’ ಎಂಬ ಸಾಲು ಕಂಡರೆ ಎದ್ದು ನಿಂತು ಮೂರೇ ಪ್ರಶ್ನೆ ಕೇಳಿ: ಹಳೆಯದು ಏಕೆ ಕೆಟ್ಟಿತು? ಬಿಚ್ಚಿ ಅಳೆದವರು ಯಾರು? ಮರುನಿರ್ಮಾಣಕ್ಕೆ ದರ ಕರೆದಿರಾ? ಮಗಳಿಗೆ ಗಂಡು ನೋಡುವಾಗ ಅಂಗೈಯ ಗ್ರೀಸು ನೋಡಬೇಡಿ, ಆ ಅಂಗೈಯ ಕೆಲಸ ನೋಡಿ. ಅದಕ್ಕಿಂತ ಹೆಚ್ಚಾಗಿ, ಮೈಕ್ರೋಮೀಟರ್ ಹಿಡಿಯಲು ಮೀಸೆ ಬೇಕಾಗಿಲ್ಲ. ಮಗಳೇ ಐಟಿಐ ಸೇರುತ್ತೇನೆಂದರೆ ಅಡ್ಡ ಬರಬೇಡಿ. ಮಲ್ಲಿಗೆಯ ಮೊಗ್ಗು ಎಣಿಸಿ ಕಟ್ಟುವ ಬೆರಳಿಗೆ ನೂರರಲ್ಲೊಂದು ಮಿಲಿಮೀಟರ್ ಕಷ್ಟವಲ್ಲ.

ನಕ್ಕರೆ ನಗಲಿ. ಸಿಲಿಂಡರಿನ ಕೊರಳ ತಾರೀಕು ಓದಲು ಬರುವ ಹೆಂಗಸಿಗೆ ಕಂಪ್ರೆಸರಿನ ತಗಡನ್ನೂ ಓದಲು ಬರುತ್ತದೆ. ಆ ತಗಡನ್ನು ಮೊದಲು ಹೊಡೆಸಿ ಎಂದಷ್ಟೇ ನಾವು ಕೇಳುತ್ತಿರುವುದು. ಈ ವರ್ಷದ ಮಹಾಸಭೆಯಲ್ಲಿ ನಾನು ಮತ್ತೆ ಎದ್ದು ನಿಲ್ಲುವವಳಿದ್ದೇನೆ. ನಿಮ್ಮ ಊರಿನದರಲ್ಲಿ ನೀವೂ ಏಳಿ.